ಒಂದೇ ಕಚೇರಿಯಲ್ಲಿ 33 ವರ್ಷ: ಗುಮಾಸ್ತ ಚಾರ್ಲ್ಸ್ ಲ್ಯಾಂಬ್

ನಿವೃತ್ತನಾಗುವ ನೌಕರನಿಗೆ ಶಾಲು ಹೊದೆಸಿ, ಹಾರ ಹಾಕಿ, ಹಣ್ಣುಹಂಪಲನ್ನಿತ್ತು, ನಾಲ್ಕು ಒಳ್ಳೆಯ ಮಾತುಗಳನ್ನಾಡಿ ಬೀಳ್ಕೊಡುವುದು ನಮ್ಮ ಕಚೇರಿಗಳ ಹಳೆಯ ಪದ್ಧತಿ. ಸಮಾರಂಭ ಮುಗಿಯುತ್ತದೆ, ಹಾರ ಬಾಡುತ್ತದೆ. ಮರುದಿನ ಬೆಳಗ್ಗೆ ಎಂದಿನ ವೇಳೆಗೆ ಎಚ್ಚರಗೊಂಡ ಮನುಷ್ಯನಿಗೆ ಅವಸರದಿಂದ ಹೊರಡಬೇಕಾದ ಸ್ಥಳವೊಂದೂ ಇರುವುದಿಲ್ಲ. ಮೂವತ್ತು ಮೂವತ್ತೈದು ವರ್ಷ ಒಂದೇ ಸಂಸ್ಥೆಯಲ್ಲಿ ದುಡಿದು ಬಂದವರಿಗೆ ಆ ಬೆಳಗಿನ ಅನುಭವವನ್ನು ವಿವರಿಸಬೇಕಾಗಿಲ್ಲ. ಅದೇ ಬೆಳಗನ್ನು ಕಂಡು, ಅದರ ಸುಖವನ್ನೂ ಅದರ ಶೂನ್ಯವನ್ನೂ ಮುಚ್ಚುಮರೆಯಿಲ್ಲದೆ ಬರೆದಿಟ್ಟವನು ಇಂಗ್ಲಿಷಿನ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್. ಶಾಲಾ ಕಾಲೇಜುಗಳ ಇಂಗ್ಲಿಷ್ ಪಠ್ಯಗಳಲ್ಲಿ ಅವನ ಪ್ರಬಂಧವನ್ನೋ, ಅವನು ಅಕ್ಕನೊಡನೆ ಸೇರಿ ಬರೆದ ಷೇಕ್ಸ್‌ಪಿಯರನ ನಾಟಕಗಳ ಕಥೆಗಳನ್ನೋ ಓದಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ಲೇಖಕನು ಹೊಟ್ಟೆಪಾಡಿಗಾಗಿ ಗುಮಾಸ್ತನಾಗಿದ್ದನು, ಆ ಗುಮಾಸ್ತಗಿರಿಯ ಹಿಂದೆ ಒಂದು ಮನೆಯ ದುರಂತವೂ ಒಬ್ಬ ತಮ್ಮನ ವಚನವೂ ಇದ್ದುವು ಎಂಬುದನ್ನು ತಿಳಿದವರು ಕಡಿಮೆ.

ಲ್ಯಾಂಬ್ ಜನಿಸಿದ್ದು 1775ರ ಫೆಬ್ರವರಿ 10ರಂದು, ಲಂಡನ್ನಿನಲ್ಲಿ ವಕೀಲರ ನೆಲೆಯಾಗಿದ್ದ ಇನ್ನರ್ ಟೆಂಪಲ್ ಎಂಬಲ್ಲಿ. ತಂದೆಯು ಅಲ್ಲಿನ ಹಿರಿಯ ವಕೀಲರೊಬ್ಬರ ಬಳಿ ಬರವಣಿಗೆಯ ಕೆಲಸವನ್ನೂ ಮನೆಗೆಲಸವನ್ನೂ ಮಾಡಿಕೊಂಡಿದ್ದನು. ಅಣ್ಣ ಜಾನ್, ಅಕ್ಕ ಮೇರಿ. ಮೇರಿಯು ತಮ್ಮನಿಗಿಂತ ಹತ್ತು ವರ್ಷ ದೊಡ್ಡವಳು. ಬಡಮಕ್ಕಳಿಗೆ ದತ್ತಿಯ ನೆರವಿನಿಂದ ವಿದ್ಯೆ ನೀಡುತ್ತಿದ್ದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯಲ್ಲಿ 1782ರಿಂದ ಏಳು ವರ್ಷ ಅವನು ಓದಿದನು. ಮುಂದೆ ಮಹಾಕವಿಯೆನಿಸಿದ ಕೋಲರಿಜ್ ಅಲ್ಲಿಯ ಗೆಳೆಯ. ಆ ಸ್ನೇಹ ಸಾಯುವವರೆಗೂ ಉಳಿಯಿತು. ಆ ಶಾಲೆಯಿಂದ ವಿಶ್ವವಿದ್ಯಾನಿಲಯಕ್ಕೆ ಹೋಗುವವರು ಮುಂದೆ ಧರ್ಮಸೇವೆಗೆ ಸೇರುವರೆಂಬ ನಿರೀಕ್ಷೆಯಿತ್ತು. ಲ್ಯಾಂಬನಿಗಾದರೋ ಮಾತಿನಲ್ಲಿ ಉಗ್ಗು. ಪೀಠವೇರಿ ಪ್ರವಚನ ನೀಡಲಾರದ ಹುಡುಗನಿಗೆ ಆ ಬಾಗಿಲು ಮುಚ್ಚಿತು. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟನು. ಸೌತ್ ಸೀ ಕಂಪೆನಿಯಲ್ಲಿ ಕೆಲವು ತಿಂಗಳು ಕೆಲಸ ಮಾಡಿದ ಬಳಿಕ, 1792ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಲೆಕ್ಕಪತ್ರ ವಿಭಾಗಕ್ಕೆ ಸೇರಿದನು. ಆಗ ಅವನಿಗೆ 17 ವರ್ಷ. ಮೊದಲ ಮೂರು ವರ್ಷ ಸಂಬಳವೆಂಬುದಿಲ್ಲ. ಅಲ್ಪ ಭಕ್ಷೀಸು ಮಾತ್ರ.

ಆ ಕಂಪೆನಿಯ ಹೆಸರು ನಮಗೆ ಹೊಸದಲ್ಲ. ಲ್ಯಾಂಬನು ಕೆಲಸಕ್ಕೆ ಸೇರಿದ ಏಳನೆಯ ವರ್ಷ, 1799ರಲ್ಲಿ, ಶ್ರೀರಂಗಪಟ್ಟಣವು ಕಂಪೆನಿಯ ಸೈನ್ಯಕ್ಕೆ ವಶವಾಯಿತು. ನಮ್ಮ ಕೆನರಾ ಪ್ರಾಂತವೂ ಅದರ ಆಡಳಿತಕ್ಕೆ ಸೇರಿತು. ಟಿಪ್ಪುವಿನ ಅರಮನೆಯಿಂದ ಒಯ್ದ, ಸಿಪಾಯಿಯ ಮೇಲೆರಗಿದ ಮರದ ಹುಲಿಯನ್ನು 1808ರಲ್ಲಿ ಲಂಡನ್ನಿನ ಲೀಡನ್‌ಹಾಲ್ ಬೀದಿಯಲ್ಲಿದ್ದ ಕಂಪೆನಿಯ ಭವನದಲ್ಲಿ ಪ್ರದರ್ಶನಕ್ಕಿಡಲಾಯಿತು. ಲ್ಯಾಂಬನು ದಿನವೂ ಕುಳಿತು ಚಹಾ, ನೀಲಿ, ಬಟ್ಟೆಗಳ ಮಾರಾಟದ ಲೆಕ್ಕ ಬರೆಯುತ್ತಿದ್ದುದು ಅದೇ ಭವನದಲ್ಲಿ. ರಾಜ್ಯಗಳು ಅಳಿದು ಉಳಿದ ಕಾಲದಲ್ಲಿ ಆ ದೊಡ್ಡ ಯಂತ್ರದ ಒಂದು ಪುಟ್ಟ ಚಕ್ರವಾಗಿ ಅವನು ತಿರುಗುತ್ತಿದ್ದನು.

1796ರ ಹೊತ್ತಿಗೆ ಮನೆಯ ಸ್ಥಿತಿ ಬಿಗಡಾಯಿಸಿತ್ತು. ತಂದೆಗೆ ಮುಪ್ಪಿನ ಮರೆವು. ತಾಯಿ ಕೈಲಾಗದೆ ಹಾಸಿಗೆ ಹಿಡಿದಿದ್ದಳು. ಮೇರಿಯು ಹಗಲೆಲ್ಲ ಹೊಲಿಗೆಯಿಂದ ಸಂಪಾದಿಸಿ, ರಾತ್ರಿಯೆಲ್ಲ ತಾಯಿಯ ಆರೈಕೆ ಮಾಡಿ ಬಳಲಿದ್ದಳು. ಅದೇ ವರ್ಷದ ಆರಂಭದಲ್ಲಿ ಚಾರ್ಲ್ಸನೂ ಬುದ್ಧಿಭ್ರಮಣೆಗೊಳಗಾಗಿ ಆರು ವಾರ ಆಸ್ಪತ್ರೆಯಲ್ಲಿದ್ದು ಬಂದಿದ್ದನು. ಸೆಪ್ಟೆಂಬರ್ 22ರಂದು ಮೇರಿಗೆ ಹಠಾತ್ತನೆ ಚಿತ್ತ ಕೆಟ್ಟಿತು. ಊಟದ ಮೇಜಿನ ಮೇಲಿದ್ದ ಚೂರಿಯನ್ನೆತ್ತಿಕೊಂಡು ಹೊಲಿಗೆ ಕಲಿಯುತ್ತಿದ್ದ ಹುಡುಗಿಯನ್ನು ಅಟ್ಟಿದಳು. ತಡೆಯಲೆತ್ನಿಸಿದ ತಾಯಿಯು ಮಗಳ ಕೈಯಿಂದಲೇ ಹತಳಾದಳು. ಚಾರ್ಲ್ಸನಿಗೆ ಸಾಧ್ಯವಾದುದು ಅಕ್ಕನ ಕೈಯಿಂದ ಚೂರಿಯನ್ನು ಕಿತ್ತುಕೊಳ್ಳುವುದಷ್ಟೇ.

ಮೇರಿಯು ತನ್ನ ಅರಿವಿನಲ್ಲಿರಲಿಲ್ಲವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಮುಂದೇನು? ಅವಳನ್ನು ಬೆತ್ಲೆಮ್ ಎಂಬ ಸಾರ್ವಜನಿಕ ಹುಚ್ಚಾಸ್ಪತ್ರೆಗೆ ಶಾಶ್ವತವಾಗಿ ಒಪ್ಪಿಸುವ ಯೋಚನೆ ಹಿರಿಯಣ್ಣ ಜಾನ್‌ನದು. ಒಳ್ಳೆಯ ನೌಕರಿಯಲ್ಲಿದ್ದರೂ ಅವನು ಮನೆಯ ಹೊರೆಗೆ ಹೆಗಲು ಕೊಡಲಿಲ್ಲ. ಆಗ 21 ವರ್ಷದ ಗುಮಾಸ್ತ ಚಾರ್ಲ್ಸ್, ಅಕ್ಕನನ್ನು ಬಾಳಿನುದ್ದಕ್ಕೂ ತಾನೇ ನೋಡಿಕೊಳ್ಳುವುದಾಗಿ ಅಧಿಕಾರಿಗಳಿಗೆ ಮಾತು ಕೊಟ್ಟನು. ಅಲ್ಪ ಸಂಬಳದಲ್ಲಿಯೇ ಅವಳನ್ನು ಖಾಸಗಿ ಆರೈಕೆಯಲ್ಲಿರಿಸಿದನು. 1799ರಲ್ಲಿ ತಂದೆ ತೀರಿಕೊಂಡ ಮೇಲೆ ಅವಳನ್ನು ತನ್ನ ಮನೆಗೇ ಕರೆತಂದನು. ಆ ದಿನದಿಂದ ಕಂಪೆನಿಯ ಕೆಲಸ ಅವನಿಗೆ ಬರಿಯ ಜೀವನೋಪಾಯವಾಗಿ ಉಳಿಯಲಿಲ್ಲ. ಕೊಟ್ಟ ಮಾತನ್ನು ತಿಂಗಳು ತಿಂಗಳೂ ಉಳಿಸಿಕೊಳ್ಳುವ ಸಾಧನ ಅದಾಯಿತು.

ಮೇರಿಯು ಸ್ವಸ್ಥಳಾಗಿದ್ದಾಗ ಸೌಮ್ಯೆ, ವಿವೇಕಿ, ಓದಿನಲ್ಲಿ ಮಗ್ನಳು. ಆದರೆ ರೋಗವು ಮತ್ತೆ ಮತ್ತೆ ಮರಳುತ್ತಿತ್ತು. ಅದರ ಮುನ್ಸೂಚನೆ ಕಂಡಾಗ ಅಕ್ಕ ತಮ್ಮಂದಿರು ಒಬ್ಬರ ಕೈಯನ್ನೊಬ್ಬರು ಹಿಡಿದು, ಕಣ್ಣೀರಿಡುತ್ತ, ಹೊಲದ ದಾರಿಯಲ್ಲಿ ಆಸ್ಪತ್ರೆಯ ಕಡೆಗೆ ನಡೆದುಹೋಗುತ್ತಿದ್ದುದನ್ನು ಸ್ನೇಹಿತರು ಕಂಡಿದ್ದಾರೆ. ಗುಟ್ಟು ನೆರೆಹೊರೆಗೆ ತಿಳಿದಾಗ ಬಾಡಿಗೆಯ ಮನೆ ಬದಲಾಯಿಸಬೇಕಾಗುತ್ತಿತ್ತು. ಲ್ಯಾಂಬನು ಮದುವೆಯಾಗಲಿಲ್ಲ. 1819ರಲ್ಲಿ ನಟಿ ಫ್ಯಾನಿ ಕೆಲ್ಲಿಯ ಮುಂದೆ ವಿವಾಹದ ಪ್ರಸ್ತಾಪವಿಟ್ಟು ಪತ್ರ ಬರೆದನು. ಆಕೆ ನಯವಾಗಿ ನಿರಾಕರಿಸಿದಳು. ಆ ಪ್ರಸ್ತಾಪವು ಅಲ್ಲಿಗೇ ಮುಗಿಯಿತು, ಸ್ನೇಹ ಮುಂದುವರಿಯಿತು.

ಕಚೇರಿಯ ಕೆಲಸವನ್ನು ಲ್ಯಾಂಬನು ಪ್ರೀತಿಸುತ್ತಿದ್ದನೆಂದು ಹೇಳಿದರೆ ಅಸತ್ಯವಾದೀತು. ಮೇಜು, ಶಾಯಿ, ಮುಗಿಯದ ಅಂಕಿಗಳ ಸಾಲು ಇವುಗಳ ಬಗೆಗೆ ಅವನು ಮಿತ್ರರಿಗೆ ಬರೆದ ಪತ್ರಗಳಲ್ಲಿ ಗೊಣಗುವಿಕೆ ತುಂಬಿದೆ. ಅವನು ಸೇರಿದ ಹೊಸದರಲ್ಲಿ ಸಂತರ ಹಬ್ಬದ ದಿನಗಳಿಗೆ ರಜೆಯಿತ್ತು. ಸಂತ ಪೌಲ, ಸಂತ ಸ್ತೇಫನ, ಸಂತ ಬಾರ್ನಬಾಸರ ಹೆಸರಿನ ಆ ಬಿಡುವುಗಳನ್ನು ಮೇಲಿನವರು ಒಂದೊಂದಾಗಿ ಕಿತ್ತುಹಾಕಿದಾಗ ಅವನು ನಗುನಗುತ್ತಲೇ ಅತ್ತಂತೆ ಬರೆದನು. ಬೆಳಗ್ಗೆ ತಡವಾಗಿ ಬರುವೆಯೆಂದು ಆಕ್ಷೇಪಿಸಿದ ಮೇಲಧಿಕಾರಿಗೆ, ಸಂಜೆ ಬೇಗನೆ ಹೋಗಿ ಅದನ್ನು ಸರಿದೂಗಿಸುವೆನಲ್ಲವೆ ಎಂದು ಉತ್ತರಿಸಿದನೆಂಬ ಕಥೆಯೂ ಉಂಟು.

ಬರೆಯುವುದಕ್ಕೆ ಅವನಿಗೆ ದೊರೆತದ್ದು ರಾತ್ರಿಗಳು. 1807ರಲ್ಲಿ ಷೇಕ್ಸ್‌ಪಿಯರ್ ಕಥೆಗಳು ಪ್ರಕಟವಾದವು. ಅದರಲ್ಲಿಯ 20 ಕಥೆಗಳಲ್ಲಿ 14ನ್ನು ಬರೆದವಳು ಮೇರಿ, 6ನ್ನು ಚಾರ್ಲ್ಸ್. ಮೊದಲ ಮುದ್ರಣದ ಮುಖಪುಟದಲ್ಲಿ ತಮ್ಮನ ಹೆಸರಷ್ಟೇ ಇತ್ತು. 1820ರಿಂದ ಲಂಡನ್ ಮ್ಯಾಗಜೀನ್ ಪತ್ರಿಕೆಯಲ್ಲಿ ಎಲಿಯ ಎಂಬ ಹೆಸರಿನಿಂದ ಪ್ರಬಂಧಗಳು ಬರತೊಡಗಿದವು. ಆ ಹೆಸರನ್ನು ಸಹ ಅವನು ಸೌತ್ ಸೀ ಕಂಪೆನಿಯ ಹಳೆಯ ಗುಮಾಸ್ತನೊಬ್ಬನಿಂದ ಎರವಲು ಪಡೆದಿದ್ದನು. ಹಳೆಯ ಕಚೇರಿಗಳು, ಸವೆದುಹೋದ ಗುಮಾಸ್ತರು, ಶಾಲೆಯ ದಿನಗಳು, ಹುಟ್ಟದೇ ಉಳಿದ ಮಕ್ಕಳ ಕನಸು ಇವೇ ಅವನ ವಸ್ತುಗಳು. ತನ್ನ ನಿಜವಾದ ಕೃತಿಗಳು ಕಂಪೆನಿಯ ಕಪಾಟುಗಳಲ್ಲಿರುವ ನೂರಾರು ಲೆಕ್ಕದ ಪುಸ್ತಕಗಳೇ ಎಂದು ಅವನು ವಿನೋದವಾಡುತ್ತಿದ್ದನು.

ಆದರೆ ಆ ಗೊಣಗುವಿಕೆಯ ಕೆಳಗೆ ವಿವೇಕವಿತ್ತು. 1823ರಲ್ಲಿ ಬ್ಯಾಂಕಿನ ಗುಮಾಸ್ತನೂ ಕವಿಯೂ ಆಗಿದ್ದ ಬರ್ನಾರ್ಡ್ ಬಾರ್ಟನ್ ಎಂಬ ಮಿತ್ರನು ನೌಕರಿ ಬಿಟ್ಟು ಬರಹದಿಂದಲೇ ಜೀವಿಸುವ ಯೋಚನೆ ಮಾಡಿದಾಗ, ಲ್ಯಾಂಬನು ಅದನ್ನು ಬಲವಾಗಿ ವಿರೋಧಿಸಿ ಪತ್ರ ಬರೆದನು. ಪ್ರಕಾಶಕರ ದಯೆಯ ಮೇಲೆ ಬಾಳುವುದಕ್ಕಿಂತ ಬ್ಯಾಂಕಿನ ಮೇಜು ಎಷ್ಟೋ ಮೇಲೆಂಬುದು ಅದರ ತಾತ್ಪರ್ಯ. ದಿನವೂ ಬೈಯುತ್ತಿದ್ದ ಮೇಜೇ ತನ್ನ ಮನೆಯ ಆಧಾರಸ್ತಂಭವೆಂಬುದನ್ನು ಅವನು ಮರೆತಿರಲಿಲ್ಲ.

1824ರ ಕೊನೆಗೆ ಆರೋಗ್ಯ ಕುಂದಿತು. ವೈದ್ಯರ ಪ್ರಮಾಣಪತ್ರಗಳೊಡನೆ ನಿವೃತ್ತಿಯ ಕೋರಿಕೆ ಸಲ್ಲಿಸಿ ಕಾದನು. 1825ರ ಮಾರ್ಚ್ 29ರಂದು ಕಂಪೆನಿಯ ನಿರ್ದೇಶಕರು ಅದನ್ನು ಅಂಗೀಕರಿಸಿದರು. 33 ವರ್ಷಗಳ ಸೇವೆಗೆ ವರ್ಷಕ್ಕೆ 450 ಪೌಂಡು ನಿವೃತ್ತಿ ವೇತನ. ಅದರಿಂದ 9 ಪೌಂಡು ಕಡಿತ. ಅವನ ತರುವಾಯ ಬದುಕಿರಬಹುದಾದ ಮೇರಿಯ ಜೀವನಾಂಶಕ್ಕಾಗಿ. ಸ್ವಾತಂತ್ರ್ಯ ದೊರೆತ ಗಳಿಗೆಯಲ್ಲಿಯೂ ಅಕ್ಕನ ಪಾಲನ್ನು ತೆಗೆದಿರಿಸಲಾಗಿತ್ತು.

ಎರಡೇ ತಿಂಗಳಲ್ಲಿ ಆ ಅನುಭವ ಪ್ರಬಂಧವಾಯಿತು. ಕಂಪೆನಿಯ ಹೆಸರನ್ನು ಮರೆಸಿ, ಮಿನ್ಸಿಂಗ್ ಲೇನ್ ಎಂಬ ಬೀದಿಯ ವ್ಯಾಪಾರಿ ಸಂಸ್ಥೆಯೊಂದರಲ್ಲಿ 36 ವರ್ಷ ದುಡಿದವನ ಕಥೆಯೆಂಬಂತೆ ಅದನ್ನು ಬರೆದನು. ಮೊದಲ ದಿನಗಳಲ್ಲಿ ಆ ಮನುಷ್ಯನಿಗೆ ಸಂತೋಷವೂ ತಿಳಿಯದು. ಕೈತುಂಬ ಕಾಲ, ಅದನ್ನು ವೆಚ್ಚಮಾಡುವ ಬಗೆ ಗೊತ್ತಿಲ್ಲ. ವಾರಗಳ ಗುರುತು ಅಳಿಸಿತು. ಎಲ್ಲ ದಿನವೂ ಬಿಡುವೇ ಆದಾಗ ಭಾನುವಾರಕ್ಕಿದ್ದ ಬೆಲೆಯೂ ಹೋಯಿತು. ಹಳೆಯ ಕಚೇರಿಯನ್ನು ನೋಡಲು ಹೋದರೆ ತನ್ನ ಮೇಜಿನಲ್ಲಿ ಬೇರೊಬ್ಬ, ತನ್ನ ಟೋಪಿ ತೂಗುಹಾಕುತ್ತಿದ್ದ ಗೂಟದಲ್ಲಿ ಬೇರೊಂದು ಟೋಪಿ. ಗೆಳೆಯರು ಹಾಸ್ಯವಾಡಿ ಬರಮಾಡಿಕೊಂಡರೂ ಎದೆಯೊಳಗೊಂದು ಅಳುಕು. ಇಷ್ಟು ವರ್ಷ ದಾರಿಯನ್ನು ಹಗುರ ಮಾಡಿದ ಸಂಗಾತಿಗಳನ್ನು ಬಿಟ್ಟುಬಂದುದು ಸರಿಯೇ ಎಂಬ ಪ್ರಶ್ನೆ. ಕೊನೆಗೆ ಬಿಡುವಿನೊಡನೆ ಅವನು ರಾಜಿಯಾಗುತ್ತಾನೆ.

ಪ್ರಬಂಧದ ನಾಯಕನಿಗಾದ ಸಮಾಧಾನ ಬರೆದವನಿಗೆ ಅಷ್ಟು ಸುಲಭವಾಗಲಿಲ್ಲ. ಮರುವರ್ಷ, 1826ರಲ್ಲಿ, ಅವನು ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯಕ್ಕೆ ಹೋಗಿ ಹಳೆಯ ನಾಟಕಗಳನ್ನು ಓದತೊಡಗಿದನು. ಓದಿನ ವೇಳೆ ಹತ್ತರಿಂದ ನಾಲ್ಕು. ಕಚೇರಿಯ ವೇಳೆಯೂ ಅದೇ ಆಗಿತ್ತು. ಒಮ್ಮೆ ದುಡಿಮೆಗೆ ಒಗ್ಗಿದ ಮನುಷ್ಯನಿಗೆ ನಿಯತವಾದ ಕೆಲಸ ಬೇಕೇ ಬೇಕೆಂದು ಅವನೇ ಒಪ್ಪಿಕೊಂಡನು. ಬಿಡುಗಡೆಗಾಗಿ 33 ವರ್ಷ ಹಂಬಲಿಸಿದವನು ಬಿಡುಗಡೆಯಾದ ಮೇಲೆ ತಾನಾಗಿ ಇನ್ನೊಂದು ಕಚೇರಿಯನ್ನು ಹುಡುಕಿಕೊಂಡನು.

ಕಡೆಯ ವರ್ಷಗಳು ಲಂಡನ್ನಿನ ಹೊರವಲಯದ ಎನ್‌ಫೀಲ್ಡ್, ಎಡ್ಮಂಟನ್‌ಗಳಲ್ಲಿ ಕಳೆದುವು. ಮೇರಿಯ ರೋಗದ ಅವಧಿಗಳು ದೀರ್ಘವಾದುವು. 1833ರಲ್ಲಿ ಅವಳ ಆರೈಕೆ ನಡೆಯುತ್ತಿದ್ದ ಮನೆಗೇ ತಾನೂ ವಾಸ ಬದಲಾಯಿಸಿದನು. 1834ರ ಜುಲೈಯಲ್ಲಿ ಕೋಲರಿಜ್ ತೀರಿಕೊಂಡನು. ಅದೇ ಡಿಸೆಂಬರ್‌ನಲ್ಲಿ ದಾರಿಯಲ್ಲಿ ಎಡವಿ ಬಿದ್ದ ಲ್ಯಾಂಬನ ಮುಖಕ್ಕೆ ತರಚುಗಾಯವಾಯಿತು. ಅದು ವಿಷವೇರಿ, 27ರಂದು ಅವನು ಮೃತನಾದನು. ಮೇರಿ ಮತ್ತೂ ಹನ್ನೆರಡು ವರ್ಷ ಬದುಕಿ, 1847ರಲ್ಲಿ 82ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಎಡ್ಮಂಟನ್ನಿನ ದೇವಾಲಯದ ಅಂಗಳದಲ್ಲಿ ತಮ್ಮನ ಸಮಾಧಿಯಲ್ಲಿಯೇ ಅವಳನ್ನೂ ಮಲಗಿಸಿದರು.

ಲೀಡನ್‌ಹಾಲ್ ಬೀದಿಯ ಆ ಭವನವನ್ನು 1861ರಲ್ಲಿ ಕೆಡವಲಾಯಿತು. 1874ರಲ್ಲಿ ಕಂಪೆನಿಯೇ ಇಲ್ಲವಾಯಿತು. ಅವನು ಬರೆದ ಲೆಕ್ಕಗಳನ್ನು ಇಂದು ಕೇಳುವವರಿಲ್ಲ. ಆದರೂ ಆ ವರ್ಷಗಳು ವ್ಯರ್ಥವಾದುವೆಂದು ಹೇಳಲಾಗದು. ನಮ್ಮ ಮನೆಗಳಲ್ಲಿಯೂ ಮೂವತ್ತು ವರ್ಷ ಒಂದೇ ಬಾಗಿಲಿನಿಂದ ಒಳಹೊಕ್ಕು ಅದೇ ಬಾಗಿಲಿನಿಂದ ಹೊರಬಂದ ತಂದೆಯರಿದ್ದಾರೆ, ತಾಯಂದಿರಿದ್ದಾರೆ. ಅವರು ಕೆಲಸದ ಬಗೆಗೆ ಗೊಣಗಿದ್ದನ್ನು ನಾವು ಕೇಳಿದ್ದೇವೆ. ಯಾರ ಶಾಲೆಯ ಶುಲ್ಕಕ್ಕಾಗಿ, ಯಾರ ಔಷಧಿಗಾಗಿ ಮರುದಿನವೂ ಹೊರಟರೆಂಬುದನ್ನು ಅವರು ಬಾಯಿಬಿಟ್ಟು ಹೇಳಿರಲಾರರು. ಈ ಭಾನುವಾರ ಬಿಡುವಾಗಿ ಕುಳಿತಾಗ ಅವರನ್ನು ಕೇಳಿನೋಡಬಹುದು.