ಮೊಸರು ಮೆಚ್ಚಿದ ವಿಜ್ಞಾನಿ

ಪರೀಕ್ಷೆಯ ದಿನ ಬೆಳಿಗ್ಗೆ ನಿಮ್ಮ ಹೊಟ್ಟೆಯಲ್ಲಿ ಏನೋ ಕಲಕಿದಂತಾಗಿದೆಯೇ? ತಟ್ಟೆಯಲ್ಲಿದ್ದ ಜೋಳದ ರೊಟ್ಟಿ ಸೇರದೆ ಹಾಗೆಯೇ ಉಳಿದಿದೆಯೇ? ಅಂಜಿಕೆ ಹುಟ್ಟುವುದು ಮನಸ್ಸಿನಲ್ಲಿ, ಸಂಕಟವಾಗುವುದು ಹೊಟ್ಟೆಯಲ್ಲಿ. ಹಾಗಾದರೆ ಹೊಟ್ಟೆಯಿಂದಲೂ ಮನಸ್ಸಿಗೆ ಸುದ್ದಿ ಹೋಗುತ್ತಿರಬಹುದಲ್ಲವೇ? ಸೊಲ್ಲಾಪುರ, ಅಕ್ಕಲಕೋಟೆಗಳ ಮನೆಗಳಲ್ಲಿ ರಾತ್ರಿ ಹಾಲಿಗೆ ಹೆಪ್ಪು ಹಾಕುವುದನ್ನು ನೀವು ನೋಡಿದ್ದೀರಿ. ಶೇಂಗಾ ಚಟ್ನಿಯೊಂದಿಗೆ ನೀವು ಉಣ್ಣುವ ಮೊಸರಿನಂಥದನ್ನೇ ನೂರು ವರ್ಷಗಳಿಗೂ ಹಿಂದೆ ಪ್ಯಾರಿಸ್ ನಗರದಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸಿದ ವಿಜ್ಞಾನಿಯೊಬ್ಬರಿದ್ದರು. ಅವರೇ ಇಲ್ಯಾ ಮೆಚ್ನಿಕಾಫ್.

ಮೆಚ್ನಿಕಾಫ್ ಅವರು 1845ರಲ್ಲಿ ಖಾರ್ಕೊವ್ ಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ಜನಿಸಿದರು. ಆ ಭಾಗ ಆಗ ರಷ್ಯಾ ಸಾಮ್ರಾಜ್ಯದಲ್ಲಿತ್ತು, ಇಂದು ಯುಕ್ರೇನ್ ದೇಶದಲ್ಲಿದೆ. ಬಾಲಕನಿಗೆ ಗಿಡ, ಹುಳುಗಳೆಂದರೆ ಪ್ರಾಣ. ವಿಶ್ವವಿದ್ಯಾಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿದ ಜಾಣ.

ಆದರೆ ಆ ಜಾಣನ ಮನಸ್ಸು ಬಲು ಸೂಕ್ಷ್ಮ. 1869ರಲ್ಲಿ ಲುಡ್ಮಿಲಾ ಎಂಬುವರನ್ನು ಮದುವೆಯಾದರು. ಕ್ಷಯರೋಗದಿಂದ ಬಳಲಿದ್ದ ವಧುವನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತು ತರಬೇಕಾಯಿತು. ನಾಲ್ಕು ವರ್ಷಗಳ ಆರೈಕೆಯೂ ಫಲಿಸಲಿಲ್ಲ. 1873ರಲ್ಲಿ ಆಕೆ ತೀರಿಕೊಂಡರು. ಮೆಚ್ನಿಕಾಫ್ ಅವರ ಕಣ್ಣುಗಳೂ ಕೈಕೊಟ್ಟಿದ್ದವು. ಬದುಕೇ ಬೇಡವೆನಿಸುವಷ್ಟು ನಿರಾಶೆ ಅವರನ್ನು ಕವಿಯಿತು. ಜೀವಕ್ಕೇ ಅಪಾಯ ಬಂದು ಉಳಿದುಕೊಂಡರು. ಆ ದಿನಗಳಲ್ಲಿ ಜಿನೀವಾ ನಗರದ ಸೇತುವೆಯೊಂದರ ಮೇಲೆ, ದೀಪದ ಸುತ್ತ ಮುತ್ತಿದ್ದ ಪುಟ್ಟ ಹುಳುಗಳು ಅವರ ಕಣ್ಣಿಗೆ ಬಿದ್ದವು. ಇಷ್ಟು ಅಲ್ಪಾಯುಷಿಗಳು ಈ ಜಗತ್ತಿನಲ್ಲಿ ಹೇಗೆ ಉಳಿದುಬಂದವು ಎಂಬ ಪ್ರಶ್ನೆ ಮೂಡಿತು. ಆ ಒಂದು ಪ್ರಶ್ನೆಯೇ ಅವರನ್ನು ಮತ್ತೆ ಕೆಲಸದತ್ತ ಎಳೆಯಿತೆಂದು ಮುಂದೆ ಅವರ ಎರಡನೆಯ ಪತ್ನಿ ಓಲ್ಗಾ ಬರೆದಿದ್ದಾರೆ. ಕೆಲವು ವರ್ಷಗಳ ನಂತರ ಇನ್ನೊಮ್ಮೆ ಅದೇ ಕತ್ತಲೆ ಕವಿಯಿತು. ಅದನ್ನೂ ಅವರು ದಾಟಿದರು. ದೊಡ್ಡವರ ಚರಿತ್ರೆ ಬರೆಯುವಾಗ ಇಂಥ ಮಾತುಗಳನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ಬಿಡಬಾರದೆಂದು ನನಗೆ ತೋರುತ್ತದೆ.

1882ರಲ್ಲಿ ಅವರು ಇಟಲಿಯ ಮೆಸ್ಸಿನಾದಲ್ಲಿದ್ದರು. ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದ ದಿನ, ನಕ್ಷತ್ರಮೀನಿನ ಪಾರದರ್ಶಕ ಮರಿಯ ಮೈಗೆ ಗುಲಾಬಿಯ ಮುಳ್ಳು ಚುಚ್ಚಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಅಲೆದಾಡುವ ಕಣಗಳು ಮುಳ್ಳನ್ನು ಮುತ್ತಿದ್ದವು! ನಮ್ಮ ರಕ್ತದ ಬಿಳಿಯ ಕಣಗಳೂ ಹೀಗೆಯೇ ರೋಗಾಣುಗಳನ್ನು ನುಂಗಿ ನಮ್ಮನ್ನು ಕಾಯುತ್ತವೆಂದು ಅವರು ಸಾರಿದರು. ಈ ಕಾರ್ಯಕ್ಕಾಗಿ 1908ರಲ್ಲಿ ಪಾಲ್ ಎರ್ಲಿಕ್ ಅವರೊಂದಿಗೆ ನೊಬೆಲ್ ಪಾರಿತೋಷಕ ದೊರೆಯಿತು.

1888ರಿಂದ ಅವರ ಕರ್ಮಭೂಮಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ. ಒಡೆಸ್ಸಾದಲ್ಲಿ ಅವರ ಶಿಷ್ಯರಾಗಿದ್ದ ಹಾಫ್‌ಕಿನ್ ಕೂಡ ಅಲ್ಲಿಗೇ ಬಂದು ಮೊದಲು ಗ್ರಂಥಪಾಲರಾದರು. 1897ರಲ್ಲಿ ನಮ್ಮ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ತಯಾರಿಸಿ, ಮೊದಲು ತಮ್ಮ ಮೈಗೇ ಚುಚ್ಚಿಕೊಂಡವರು ಇವರೇ. ಮುಂಬಯಿಯ ಹಾಫ್‌ಕಿನ್ ಸಂಸ್ಥೆ ಅವರ ಹೆಸರಿನದು.

ವಯಸ್ಸಾದಂತೆ ಮೆಚ್ನಿಕಾಫ್ ಅವರ ಲಕ್ಷ್ಯ ಕರುಳಿನತ್ತ ಹೊರಳಿತು. ದೊಡ್ಡ ಕರುಳಿನಲ್ಲಿ ಕೊಳೆತವುಂಟುಮಾಡುವ ಸೂಕ್ಷ್ಮಜೀವಿಗಳ ವಿಷದಿಂದಲೇ ಮುಪ್ಪು ಬೇಗ ಬರುತ್ತದೆಂದು ಅವರು ತರ್ಕಿಸಿದರು. ಬಲ್ಗೇರಿಯಾದ ಹಳ್ಳಿಗರು ಮೊಸರುಂಡು ಬಹುಕಾಲ ಬಾಳುತ್ತಾರೆಂಬ ಮಾತು ಅವರ ಕಿವಿಗೆ ಬಿದ್ದಿತ್ತು. ತಾವೂ ದಿನಾಲು ಹುಳಿಹಾಲು ಕುಡಿಯತೊಡಗಿದರು. ಯುರೋಪಿನಲ್ಲೆಲ್ಲ ಮೊಸರಿಗೆ ಬೇಡಿಕೆ ಬಂತು. ನಮ್ಮ ಅಜ್ಜಿಯರು ಕೇಳಿದ್ದರೆ ನಕ್ಕಿರುತ್ತಿದ್ದರು!

1910ರಲ್ಲಿ ಲಂಡನ್ನಿನ ವೈದ್ಯ ಫಿಲಿಪ್ಸ್ ಎಂಬುವರು, ಖಿನ್ನತೆಯಿಂದ ಬಳಲುವ 18 ರೋಗಿಗಳಿಗೆ ಹಾಲನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾ ಕೊಟ್ಟು, 11 ಮಂದಿ ಪೂರ್ತಿ ಗುಣವಾದರೆಂದು ವರದಿ ಮಾಡಿದರು. ಆದರೆ ಮೊಸರಿಲ್ಲದೆಯೂ ಅವರು ಗುಣವಾಗುತ್ತಿದ್ದರೇ? ಹೋಲಿಸಿ ನೋಡಲು ಬೇರೊಂದು ಗುಂಪೇ ಇರಲಿಲ್ಲ. ಕೆಲವು ಶಸ್ತ್ರವೈದ್ಯರಂತೂ ಕರುಳನ್ನೇ ಕತ್ತರಿಸಿ ತೆಗೆದು ಅನರ್ಥ ಮಾಡಿದರು. ಹೀಗಾಗಿ ಈ ವಿಚಾರಕ್ಕೇ ಕೆಟ್ಟ ಹೆಸರು ಬಂದು ಬಹುಕಾಲ ಮೂಲೆಗೆ ಬಿತ್ತು.

2004ರಲ್ಲಿ ಜಪಾನಿನ ಸಂಶೋಧಕರು, ಕರುಳಿನಲ್ಲಿ ಒಂದೂ ಸೂಕ್ಷ್ಮಜೀವಿ ಇಲ್ಲದಂತೆ ಬೆಳೆಸಿದ ಇಲಿಗಳನ್ನು ಇಕ್ಕಟ್ಟಿನಲ್ಲಿಟ್ಟು ನೋಡಿದರು. ಅವುಗಳ ಮೈಯಲ್ಲಿ ಒತ್ತಡದ ಹಾರ್ಮೋನು ಉಳಿದ ಇಲಿಗಳಿಗಿಂತ ಹೆಚ್ಚು ಉಕ್ಕಿತು. ಚಿಕ್ಕಂದಿನಲ್ಲೇ ಒಂದು ಬಗೆಯ ಬ್ಯಾಕ್ಟೀರಿಯಾ ಕೊಟ್ಟಾಗ ಅದು ಹತೋಟಿಗೆ ಬಂತು. 2011ರಲ್ಲಿ ಇನ್ನೊಂದು ಬ್ಯಾಕ್ಟೀರಿಯಾ ಇಲಿಗಳ ಅಂಜಿಕೆಯನ್ನು ತಗ್ಗಿಸಿತು. ಆದರೆ ಮೆದುಳಿಗೂ ಹೊಟ್ಟೆಗೂ ನಡುವಿನ ವೇಗಸ್ ನರವನ್ನು ಕತ್ತರಿಸಿದಾಗ ಆ ಗುಣ ಕಾಣಲಿಲ್ಲ. ಸುದ್ದಿ ಸಾಗುವ ತಂತಿ ಸಿಕ್ಕಿತೆಂದು ವಿಜ್ಞಾನಿಗಳು ಹಿಗ್ಗಿದರು. ಅದೇ ಬ್ಯಾಕ್ಟೀರಿಯಾವನ್ನು ಆರೋಗ್ಯವಂತ ಮನುಷ್ಯರಿಗೆ ಕೊಟ್ಟ ಪ್ರಯೋಗದಲ್ಲಿ ಮಾತ್ರ ಏನೂ ಪ್ರಯೋಜನ ಕಾಣಲಿಲ್ಲ. ಇದು 2017ರ ಮಾತು. ಇಲಿಯೇ ಬೇರೆ, ಮನುಷ್ಯನೇ ಬೇರೆ. ಆದ್ದರಿಂದ ಬಹಳ ದಿನ ಮನಸ್ಸು ಕುಗ್ಗಿದ್ದರೆ ಮೊಸರನ್ನು ನಂಬಿ ಸುಮ್ಮನೆ ಕೂಡಬೇಡಿ. ಮನೆಯವರಿಗೆ, ಗುರುಗಳಿಗೆ ಹೇಳಿರಿ, ವೈದ್ಯರನ್ನು ಕಾಣಿರಿ. ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆಯೆಂದು ಅಂದಾಜು. ಅವುಗಳಲ್ಲಿ ಯಾವುದು ಮನಸ್ಸಿಗೆ ಏನು ಮಾಡುತ್ತದೆಂಬ ಹುಡುಕಾಟ ಇನ್ನೂ ನಡೆದಿದೆ.

ಯೌವನದಲ್ಲಿ ಬದುಕಿಗೆ ಬೆನ್ನು ಮಾಡಿದ್ದ ಮೆಚ್ನಿಕಾಫ್ ಅವರು ಮುಪ್ಪಿನಲ್ಲಿ ಆಶಾವಾದದ ಗ್ರಂಥಗಳನ್ನೇ ಬರೆದರು. ನೂರು ವರ್ಷ ಬಾಳುವ ಅವರ ಆಸೆ ಕೈಗೂಡಲಿಲ್ಲ. 1916ರ ಜುಲೈ 15ರಂದು, 71ನೆಯ ವಯಸ್ಸಿನಲ್ಲಿ, ಹೃದಯದ ಕಾಯಿಲೆಯಿಂದ ನಿಧನರಾದರು. ಶಿಷ್ಯ ಹಾಫ್‌ಕಿನ್ ಗ್ರಂಥಪಾಲರಾಗಿದ್ದ ಆ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿಯೇ ಅವರ ಚಿತಾಭಸ್ಮವನ್ನು ಇರಿಸಲಾಯಿತು.