ಬಣ್ಣ ಕೈಕೊಟ್ಟಿತು, ಕಬ್ಬಿಣ ಕೈಹಿಡಿಯಿತು

ದಾವಣಗೆರೆಯ ಮಂಡಿಪೇಟೆಯಿಂದ ಸುಮಾರು 14 ಕಿ.ಮೀ. ದೂರದ ಹರಿಹರಕ್ಕೆ ಕಿರ್ಲೋಸ್ಕರ್ ಎಂಬ ಹೆಸರು ಹೊಸದಲ್ಲ. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ಈ ಭಾಗದ ತಲೆಮಾರುಗಳಿಗೆ ಅನ್ನ ನೀಡಿವೆ. ಆದರೆ ಆ ಮನೆತನದ ಉದ್ಯಮಕ್ಕೆ ಅಡಿಪಾಯ ಹಾಕಿದ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಮನೆಯಿಂದ ಹೊರಟದ್ದು ಚಿತ್ರಕಾರರಾಗಲು ಎಂಬ ಸಂಗತಿ ಅಷ್ಟಾಗಿ ಪ್ರಚಾರ ಪಡೆದಿಲ್ಲ.

ಅವರು ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ತಂದೆ ಕಾಶಿನಾಥಪಂತರು ವೇದಾಂತ ಬಲ್ಲವರು. ಮಗನ ಒಲವಾದರೋ ಚಿತ್ರಕಲೆ ಮತ್ತು ಯಂತ್ರಗಳತ್ತ. ತಂದೆಗೆ ಒಪ್ಪಿಗೆಯಿಲ್ಲದಿದ್ದರೂ ಅಣ್ಣ ರಾಮಚಂದ್ರರಾಯರ ಆಸರೆಯಿಂದ 1885ರಲ್ಲಿ ಲಕ್ಷ್ಮಣರಾಯರು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷಗಳ ಅಭ್ಯಾಸದ ಬಳಿಕ ಕಹಿಸತ್ಯ ಬಯಲಾಯಿತು. ಅವರ ಕಣ್ಣುಗಳಿಗೆ ಭಾಗಶಃ ವರ್ಣಾಂಧತೆಯಿತ್ತು. ಬಣ್ಣಗಳ ಭೇದವನ್ನು ಸರಿಯಾಗಿ ಗುರುತಿಸಲಾಗದವನು ಕುಂಚ ಹಿಡಿದು ಬಾಳುವುದಾದರೂ ಹೇಗೆ? ಹದಿಹರೆಯದ ತರುಣನ ಪಾಲಿಗೆ ಅದು ಸಣ್ಣ ಪೆಟ್ಟಲ್ಲ.

ಅವರು ಊರಿಗೆ ಹಿಂದಿರುಗಲಿಲ್ಲ. ಬಣ್ಣದ ಹಂಗಿಲ್ಲದ ಚಿತ್ರವೊಂದಿತ್ತು: ಯಂತ್ರಗಳ ರೇಖಾಚಿತ್ರ. ಅದನ್ನೇ ಕಲಿತು ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಬಿಡುವಿನ ವೇಳೆಯಲ್ಲಿ ಅಲ್ಲಿನ ಕಾರ್ಯಾಗಾರದಲ್ಲಿ ಯಂತ್ರಗಳ ಒಡಲನ್ನು ಅರಿತರು. 1888ರಲ್ಲಿ ಸೋದರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ತಮಗೆ ಸಲ್ಲಬೇಕಿದ್ದ ಬಡ್ತಿ ಮತ್ತೊಬ್ಬರ ಪಾಲಾದಾಗ ಲಕ್ಷ್ಮಣರಾಯರು ನೌಕರಿಗೆ ಶರಣು ಹೊಡೆದು ಬೆಳಗಾವಿಗೆ ಬಂದರು. ಊರಿನ ಒಂದು ರಸ್ತೆಗೆ ಇಂದಿಗೂ ಕಿರ್ಲೋಸ್ಕರ್ ಹೆಸರಿದೆ.

ಸೈಕಲ್‌ನಿಂದ ಮೇವು ಕತ್ತರಿಸುವ ಯಂತ್ರ, ಅದರಿಂದ ಕಬ್ಬಿಣದ ನೇಗಿಲು. ನೇಗಿಲು ಸಿದ್ಧವಾಯಿತು, ಕೊಳ್ಳುವವರಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂಬ ನಂಬಿಕೆ ರೈತರಲ್ಲಿ ಬೇರೂರಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ವ್ಯಾಪಾರ ಕುದುರುವಷ್ಟರಲ್ಲಿ ಹೊಸ ಬಡಾವಣೆಗಾಗಿ ಬೆಳಗಾವಿಯ ಪುರಸಭೆ ಕಾರ್ಖಾನೆಯ ಜಾಗ ತೆರವು ಮಾಡಲು ಹೇಳಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ಬಾಳಾಸಾಹೇಬ ಪಂತಪ್ರತಿನಿಧಿ. ಈ ರಾಜರು ಸ್ವತಃ ಚಿತ್ರಕಾರರು ಎಂಬುದು ವಿಧಿಯ ವಿನೋದವೇ ಸರಿ. ಅವರು ಕೊಟ್ಟ ಪಾಪಸುಕಳ್ಳಿ ತುಂಬಿದ ಬಂಜರಿನಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಅಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲ. ಶಿಕ್ಷೆ ಅನುಭವಿಸಿದವರನ್ನೂ ರಾತ್ರಿ ಕಾವಲಿಗೆ ನೇಮಿಸಲು ಲಕ್ಷ್ಮಣರಾಯರು ಹಿಂಜರಿಯಲಿಲ್ಲ.

ಒಂದನೆಯ ಮಹಾಯುದ್ಧ ಕಾಲದಲ್ಲಿ ಕಬ್ಬಿಣ, ಕಲ್ಲಿದ್ದಲು, ಬಣ್ಣ ಮೂರಕ್ಕೂ ಬರ ಬಂತು. ಕೊಲ್ಹಾಪುರದ ಶಾಹೂ ಮಹಾರಾಜರಿಂದ ದೊರೆತ ಹಳೆಯ ಫಿರಂಗಿಗಳು ಕರಗಿ ನೇಗಿಲಾದವು. ಬಣ್ಣ ಕಣ್ಣಿಗೆ ಒಲಿಯದ ಮನುಷ್ಯನಿಗೆ ಕಾರ್ಖಾನೆಯಲ್ಲೂ ಬಣ್ಣದ್ದೇ ಚಿಂತೆ!

ನೇಗಿಲಿಗೇಕೆ ಬಣ್ಣ ಎಂದು ಕೇಳಬಹುದು. ಕಬ್ಬಿಣಕ್ಕೆ ಬಣ್ಣವೆಂದರೆ ಶೃಂಗಾರವಲ್ಲ, ತುಕ್ಕಿನಿಂದ ರಕ್ಷಣೆ. ಇಂದು ಮನೆಯಂಗಳದಲ್ಲೇ ಕಾರಿನ ಚಕ್ರ ಕಳಚಿ ಬ್ರೇಕ್ ಡ್ರಮ್, ಕ್ಯಾಲಿಪರ್‌ಗಳಿಗೆ ಕೆಂಪು, ಹಳದಿ ಬಳಿಯುವ ತರುಣರು ಗಮನಿಸಬೇಕಾದ ಮಾತಿದು. ಡ್ರಮ್ ಬೀಡುಕಬ್ಬಿಣದ್ದು, ಮಳೆಗಾಲದಲ್ಲಿ ಬೇಗ ಕೆಂಪಾಗುತ್ತದೆ. ತಂತಿ ಬ್ರಷ್‌ನಿಂದ ತುಕ್ಕು ತೆಗೆದು, ಎಣ್ಣೆಪಸೆ ಕಳೆದು, ಶಾಖ ತಡೆಯುವ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹಚ್ಚುವುದು ಕ್ರಮ. ಆದರೆ ಬಣ್ಣ ಹೊರಮೈಗೆ ಮಾತ್ರ. ಲೈನಿಂಗ್ ಉಜ್ಜುವ ಒಳಮೈಗೆ ತಾಗಿದರೆ ಬ್ರೇಕ್ ಹಿಡಿಯದು. ಚಕ್ರ ಕೂರುವ ಮುಖಕ್ಕೆ ದಪ್ಪಗೆ ಬಳಿದರೆ ನಟ್ಟುಗಳು ಸಡಿಲಾಗಬಹುದು. ಕ್ಯಾಲಿಪರ್‌ನ ಪಿಸ್ಟನ್ ರಬ್ಬರ್, ಗಾಳಿ ತೆಗೆಯುವ ಸ್ಕ್ರೂ, ಪ್ಯಾಡ್‌ಗಳನ್ನು ಟೇಪ್ ಸುತ್ತಿ ಮುಚ್ಚಲೇಬೇಕು. ಅಂದದ ಭರದಲ್ಲಿ ಇದನ್ನು ಮರೆಯುವವರೇ ಹೆಚ್ಚು.

ಸವೆದು ಗೆರೆಬಿದ್ದ ಡ್ರಮ್ಮನ್ನು ಒಳಗಿನಿಂದ ಹೆರೆದು ನುಣುಪು ಮಾಡುವುದು ಲೇತ್. ಅಂಥ ಲೇತ್‌ಗಳನ್ನು ಕಟ್ಟುವ ಕಾರ್ಖಾನೆಯೇ ಎರಡನೆಯ ಮಹಾಯುದ್ಧ ಕಾಲದಲ್ಲಿ, ವಿದೇಶಿ ಯಂತ್ರಗಳ ಆಮದು ಕುಂಠಿತವಾದಾಗ, ಅಂದಿನ ಮೈಸೂರು ಸಂಸ್ಥಾನದ ಹರಿಹರಕ್ಕೆ ಬಂದದ್ದು. ಆಗ ಲಕ್ಷ್ಮಣರಾಯರಿಗೆ ಎಪ್ಪತ್ತು ದಾಟಿತ್ತು. ಹೊಣೆ ಮುಂದಿನ ತಲೆಮಾರಿನ ಹೆಗಲೇರಿತ್ತು. ಹುಟ್ಟಿದ ಕನ್ನಡ ನಾಡಿಗೆ, ಬೆಳಗಾವಿಯಿಂದ ಜಾಗ ಬಿಟ್ಟೆದ್ದ ಮೂರು ದಶಕಗಳ ತರುವಾಯ, ಅವರ ಉದ್ಯಮ ಹೀಗೆ ಮರಳಿತು.

1956ರ ಸೆಪ್ಟೆಂಬರ್ 26ರಂದು ಅವರು ನಿಧನರಾದರು. 1989ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಹೊಸ ಶತಮಾನದ ಆರಂಭದಲ್ಲಿ ಹರಿಹರದ ಕಾರ್ಖಾನೆ ಬಾಗಿಲು ಹಾಕಿತು. ಸಾವಿರಾರು ಸಂಸಾರಗಳು ದಿಕ್ಕೆಟ್ಟವು. ಕಾರ್ಖಾನೆಯಿಂದಾಗಿ ಬಂದ ಯಂತ್ರಾಪುರ ಎಂಬ ಹೆಸರು ಮಾತ್ರ ಉಳಿದುಕೊಂಡಿದೆ.