ವಾರಕ್ಕೊಂದು ಕಾಸು: ಧನ್ಯ ಪೌಲಿನ್ ಜಾರಿಕೊಳ ಜೀವನಚರಿತ್ರೆ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಾವು ದೇವಾಲಯವನ್ನು ಕಟ್ಟಿಸಿದ ಗುರುವರ್ಯರನ್ನೂ ಉದಾರ ದಾನಿಗಳನ್ನೂ ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಇದು ಯುಕ್ತವೇ ಸರಿ. ಆದರೆ ಕಟ್ಟಿದ ದೇವಾಲಯವು ತಲೆಮಾರುಗಳ ಕಾಲ ಬಾಳುವುದು ಯಾರ ನೆರವಿನಿಂದ? ಪೀಠದ ದೀಪಕ್ಕೆ, ಉಪದೇಶಿಯ ಸಂಬಳಕ್ಕೆ, ಸೋರುವ ಮಾಡಿನ ದುರಸ್ತಿಗೆ ವರುಷವರುಷವೂ ಹಣ ಒದಗುವುದು ಎಲ್ಲಿಂದ? ಈ ಪ್ರಶ್ನೆಗೆ ತನ್ನ ಬಾಳನ್ನೇ ಉತ್ತರವಾಗಿತ್ತ ಮಹಿಳೆಯೊಬ್ಬಳ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಪೌಲಿನ್ ಜಾರಿಕೊ 1799ನೆಯ ಇಸವಿ ಜುಲೈ 22ರಂದು ಫ್ರಾನ್ಸ್ ದೇಶದ ಲಿಯಾನ್ ನಗರದಲ್ಲಿ ಜನಿಸಿದಳು. ರೇಷ್ಮೆಯ ಉದ್ಯಮಕ್ಕೆ ಆ ನಗರವು ಲೋಕಪ್ರಸಿದ್ಧ. ತಂದೆ ಶ್ರೀಮಂತ ರೇಷ್ಮೆ ವ್ಯಾಪಾರಿ. ಏಳು ಮಕ್ಕಳಲ್ಲಿ ಪೌಲಿನಳೇ ಕಿರಿಯಳು. ಸುಖದಲ್ಲಿ ಬೆಳೆದ ಈ ಬಾಲೆ ಹದಿನೈದನೆಯ ವಯಸ್ಸಿನಲ್ಲಿ ಬಿದ್ದು ಪೆಟ್ಟಾಗಿ ಬಹುಕಾಲ ಹಾಸಿಗೆ ಹಿಡಿದಳು. ಆ ದಿನಗಳಲ್ಲೇ ತಾಯಿ ತೀರಿಕೊಂಡಳು. ಚೇತರಿಸಿಕೊಂಡ ಮೇಲೆ 1816ರ ತಪಸ್ಸುಕಾಲದಲ್ಲಿ ಕೇಳಿದ ಒಂದು ಪ್ರಬೋಧನೆ ಆಕೆಯ ಮನಸ್ಸನ್ನು ತಿರುಗಿಸಿತು. ರೇಷ್ಮೆಯ ಉಡುಪು, ಆಭರಣಗಳನ್ನು ತೊರೆದು ಕೂಲಿಹೆಂಗಸರಂತೆ ಸಾದಾ ಬಟ್ಟೆ ಧರಿಸತೊಡಗಿದಳು. ಅದೇ ವರುಷ ಕ್ರಿಸ್ತಜಯಂತಿಯ ರಾತ್ರಿ ಆಜೀವ ಕನ್ಯಾವ್ರತವನ್ನು ಕೈಗೊಂಡಳು. ಆದರೆ ಕನ್ಯಾಮಠವನ್ನು ಸೇರಲಿಲ್ಲ.

ಅಂದಿನ ಧರ್ಮಸಭೆಯ ಸ್ಥಿತಿಯನ್ನು ಇಲ್ಲಿ ಅರಿಯಬೇಕು. ಶತಮಾನಗಳಿಂದ ಫ್ರಾನ್ಸಿನ ದೇವಾಲಯಗಳು ಭೂಮಿಕಾಣಿಗಳ ಆದಾಯದಿಂದಲೂ ರಾಜಾಶ್ರಯದಿಂದಲೂ ಬಾಳುತ್ತಿದ್ದವು. 1789ರ ಮಹಾಕ್ರಾಂತಿಯಲ್ಲಿ ಆ ಆಸ್ತಿಯೆಲ್ಲವೂ ರಾಷ್ಟ್ರದ ವಶವಾಯಿತು. ದೂರದೇಶಗಳಿಗೆ ಗುರುಗಳನ್ನು ಕಳುಹಿಸುತ್ತಿದ್ದ ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಸಾರ ಸಂಸ್ಥೆಯೂ ಬಡತನಕ್ಕೆ ಈಡಾಯಿತು. ನಮ್ಮ ಮೈಸೂರು ಸೀಮೆಯಲ್ಲಿ ದೊಡ್ಡಸ್ವಾಮಿಗಳೆಂದು ಹೆಸರಾದ ಅಬ್ಬೆ ದ್ಯುಬುವಾ ಇದೇ ಸಂಸ್ಥೆಗೆ ಸೇರಿದ ಗುರುಗಳು.

ಗುರುಮಠದಲ್ಲಿ ಓದುತ್ತಿದ್ದ ಅಣ್ಣ ಫಿಲಿಯಾಸನಿಂದ ಪೌಲಿನ್ ಈ ಕಷ್ಟವನ್ನು ತಿಳಿದಳು. ಶ್ರೀಮಂತರ ಬಾಗಿಲಿಗೆ ಹೋಗುವುದಕ್ಕೆ ಬದಲು, ಅಕ್ಕಭಾವಂದಿರ ರೇಷ್ಮೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಬಡ ಹೆಣ್ಣುಮಕ್ಕಳನ್ನು ಕೇಳಿದಳು. ವಾರಕ್ಕೆ ಒಂದು ಸೂ, ದಿನಕ್ಕೊಂದು ಸಣ್ಣ ಪ್ರಾರ್ಥನೆ: ಇಷ್ಟೇ ಬೇಡಿಕೆ. ಸೂ ಎಂಬುದು ಫ್ರಾಂಕಿನ ಇಪ್ಪತ್ತನೆಯ ಒಂದು ಪಾಲು. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ಒಂದು ಕಾಸು. 1819ರ ಒಂದು ಸಂಜೆ ಮನೆಯವರು ಇಸ್ಪೀಟಾಡುತ್ತಿರುವಾಗ ಬೆಂಕಿಯ ಬಳಿ ಕುಳಿತಿದ್ದ ಆಕೆಗೆ ವ್ಯವಸ್ಥೆಯ ಕ್ರಮವೆಲ್ಲ ಹೊಳೆಯಿತೆಂದು ಚರಿತ್ರಕಾರರು ಬರೆಯುತ್ತಾರೆ. ಒಬ್ಬಳು ಹತ್ತು ಮಂದಿಯಿಂದ ಸಂಗ್ರಹಿಸುವುದು. ಅಂಥ ಹತ್ತು ಗುಂಪುಗಳಿಗೆ ಒಬ್ಬ ನಾಯಕಿ. ಅಂಥ ಹತ್ತು ನೂರುಗಳಿಗೆ ಮತ್ತೊಬ್ಬಳು. ಹತ್ತು ಮಂದಿಯಿಂದ ವಾರಕ್ಕೆ ಅರ್ಧ ಫ್ರಾಂಕು. ಸಾವಿರ ಮಂದಿಯಿಂದ ಐವತ್ತು ಫ್ರಾಂಕು. ವರುಷಕ್ಕೆ 2,600 ಫ್ರಾಂಕು. ಹನಿಗೂಡಿದರೆ ಹಳ್ಳವೆಂಬ ಗಾದೆ ಇಲ್ಲಿ ಲೆಕ್ಕದ ಪುಸ್ತಕವನ್ನೇರಿತು. ಯಾರಿಗೂ ಹೊರೆಯಾಗಲಿಲ್ಲ, ಒಬ್ಬ ದಾನಿ ತೀರಿಕೊಂಡರೆ ಕೆಲಸ ನಿಲ್ಲಲೂ ಇಲ್ಲ.

1822ನೆಯ ಮೇ 3ರಂದು ಲಿಯಾನಿನಲ್ಲಿ ವಿಶ್ವಾಸಪ್ರಸಾರ ಸಂಘವು ವಿಧ್ಯುಕ್ತವಾಗಿ ಸ್ಥಾಪನೆಯಾಯಿತು. ಯಾವುದೋ ಒಂದು ಸೀಮೆಗೆ ಮಾತ್ರವಲ್ಲ, ಜಗತ್ತಿನ ಎಲ್ಲ ಧರ್ಮಪ್ರಸಾರ ಕ್ಷೇತ್ರಗಳಿಗೂ ನೆರವು ಸಲ್ಲಬೇಕೆಂದು ನಿಶ್ಚಯವಾಯಿತು. ಧರ್ಮಪ್ರಸಾರಕರ ಪತ್ರಗಳನ್ನು ಮುದ್ರಿಸಿ ಸದಸ್ಯರಿಗೆ ಹಂಚುವ ಪದ್ಧತಿಯೂ ಬೆಳೆಯಿತು. ಕಾಸು ಕೊಟ್ಟ ಹೆಣ್ಣುಮಗಳಿಗೆ ಅದು ಎಲ್ಲಿಗೆ ತಲುಪಿತೆಂಬುದು ತಿಳಿಯುತ್ತಿತ್ತು. ಆಡಳಿತವು ಪುರುಷರ ಮಂಡಲಿಯ ಕೈ ಸೇರಿತು. ಪೌಲಿನ್ ಹಿಂದೆ ಸರಿದಳು. 1826ರಲ್ಲಿ ಆಕೆ ಜೀವಂತ ಜಪಮಾಲೆಯನ್ನು ಆರಂಭಿಸಿದಳು. ಹದಿನೈದು ಮಂದಿ ಜಪಮಾಲೆಯ ಒಂದೊಂದು ರಹಸ್ಯವನ್ನು ಹಂಚಿಕೊಂಡು ಜಪಿಸುವ ಕ್ರಮವದು. ಕಾಸಿನಲ್ಲಿ ಕಂಡ ಸೂತ್ರವೇ ಪ್ರಾರ್ಥನೆಯಲ್ಲೂ ಫಲಿಸಿತು.

1831ರಲ್ಲೂ 1834ರಲ್ಲೂ ಲಿಯಾನಿನ ನೇಕಾರರು ದಂಗೆಯೆದ್ದರು. ಅವರ ದಾರಿದ್ರ್ಯವನ್ನು ಕಣ್ಣಾರೆ ಕಂಡ ಪೌಲಿನ್, ಕಾರ್ಮಿಕರಿಗೆ ನ್ಯಾಯವಾದ ಕೂಲಿಯೂ ವಸತಿಯೂ ದೊರೆಯುವ ಮಾದರಿ ಉದ್ಯಮವೊಂದನ್ನು ನಡೆಸಲು ಬಯಸಿದಳು. 1845ರಲ್ಲಿ ರುಸ್ತ್ರೆಲ್ ಎಂಬಲ್ಲಿ ಕಬ್ಬಿಣದ ಕುಲುಮೆಯನ್ನು ಕೊಂಡಳು. ತನ್ನ ಆಸ್ತಿಯ ಜೊತೆಗೆ, ಆಕೆಯನ್ನು ನಂಬಿದ ಸಾಮಾನ್ಯ ಜನರು ಕೊಟ್ಟ ಸಾಲವೂ ಅದರಲ್ಲಿ ತೊಡಗಿತು. ನಿರ್ವಹಣೆಗೆ ನೇಮಿಸಿದವರು ವಂಚಿಸಿದರು, ಉದ್ಯಮ ದಿವಾಳಿಯಾಯಿತು. ಕಾಸನ್ನು ಹತ್ತು ಕಣ್ಣುಗಳ ಕಾವಲಿನಲ್ಲಿಟ್ಟ ಆಕೆ ಲಕ್ಷಗಳನ್ನು ಕೆಲವರ ಕೈಗೆ ಒಪ್ಪಿಸಿದ್ದಳು!

ಆದರೆ ಪೌಲಿನ್ ಸಾಲಗಾರರಿಂದ ತಲೆತಪ್ಪಿಸಿಕೊಳ್ಳಲಿಲ್ಲ. ಉಳಿದ ಆಯುಷ್ಯವೆಲ್ಲವನ್ನೂ ಸಾಲ ತೀರಿಸುವುದಕ್ಕೇ ಮುಡಿಪಾಗಿಟ್ಟು, ಊರೂರು ಅಲೆದು ಬೇಡಿದಳು. ತಾನು ಬೀಜ ಬಿತ್ತಿದ ಸಂಘದಿಂದಲೂ ನೆರವು ಸಿಗಲಿಲ್ಲ. ಶ್ರೀಮಂತನ ಮಗಳ ಹೆಸರು ಲಿಯಾನ್ ನಗರದ ನಿರ್ಗತಿಕರ ಪಟ್ಟಿಗೆ ಸೇರಿತು. ಆರ್ಸಿನ ಸಂತ ಜಾನ್ ವಿಯಾನ್ನಿ ಆಕೆಯ ಶಿಲುಬೆಯ ಭಾರವನ್ನು ಅರಿತ ಮಿತ್ರರಾಗಿದ್ದರು. 1862ರ ಜನವರಿ 9ರಂದು ಆಕೆ ಬಡವಳಾಗಿಯೇ ಪ್ರಭುವಿನ ಪಾದ ಸೇರಿದಳು.

ಆಕೆ ಹುಟ್ಟುಹಾಕಿದ ಕ್ರಮ ಮಾತ್ರ ಸಾಯಲಿಲ್ಲ. ಸಂಘಕ್ಕೆ ನೂರು ವರುಷ ತುಂಬಿದ ದಿನವೇ, 1922ರ ಮೇ 3ರಂದು, ಜಗದ್ಗುರು ಹನ್ನೊಂದನೆಯ ಪಯಸ್ಸರು ಅದನ್ನು ಪೋಪರ ನೇರ ಆಶ್ರಯಕ್ಕೆ ತೆಗೆದುಕೊಂಡರು. 1926ರಲ್ಲಿ ವಿಶ್ವ ಧರ್ಮಪ್ರಸಾರದ ಭಾನುವಾರ ಏರ್ಪಟ್ಟಿತು. 1963ರಲ್ಲಿ ಪೌಲಿನಳನ್ನು ಪೂಜ್ಯಳೆಂದೂ, 2022ರ ಮೇ 22ರಂದು ಲಿಯಾನಿನಲ್ಲೇ ಧನ್ಯಳೆಂದೂ ಸಾರಲಾಯಿತು.

ಪ್ರತಿವರ್ಷ ಅಕ್ಟೋಬರಿನಲ್ಲಿ ನಮ್ಮ ದೇವಾಲಯದಲ್ಲಿ ಕಾಣಿಕೆಯ ತಟ್ಟೆ ಹಿಡಿದು ಬರುವ ಬಾಲಕನು ಆ ರೇಷ್ಮೆ ಕಾರ್ಖಾನೆಯ ಹೆಣ್ಣುಮಕ್ಕಳ ಕೆಲಸವನ್ನೇ ಮುಂದುವರಿಸುತ್ತಾನೆ. ಪೌಲಿನಳ ಗೆಲುವೂ ಸೋಲೂ ನಮಗೆ ಕಲಿಸುವುದು ಒಂದೇ ಪಾಠವನ್ನು: ಹಬ್ಬಕ್ಕೊಮ್ಮೆ ಬರುವ ದೊಡ್ಡ ದೇಣಿಗೆಗಿಂತ ಎಲ್ಲರೂ ತಪ್ಪದೆ ಕೊಡುವ ಚಿಕ್ಕ ಕಾಣಿಕೆ ಧರ್ಮಕೇಂದ್ರವನ್ನು ಹೆಚ್ಚು ಕಾಲ ಪೊರೆಯುತ್ತದೆ, ಆ ಕಾಣಿಕೆಯ ಲೆಕ್ಕವು ಕೊಟ್ಟವರ ಕಣ್ಣಮುಂದೆ ಇರಬೇಕು. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರಕ್ಕೆ ಈ ವಿವೇಕವನ್ನು ಪ್ರಭುವು ಧಾರಾಳವಾಗಿ ಕರುಣಿಸಲಿ.